ಹಾಲು ತಂಪುಮಾಡುವ ಯಂತ್ರಗಳಲ್ಲಿ ಶೀತಕದ ಶೋಧನೆಯೂ ತೇವನಿವಾರಣೆಯೂ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯು ಬಹುಕಾಲದಿಂದಲೂ ದನಕರುಗಳಿಗೆ ಹೆಸರಾದುದು. ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿಯೇ ಇರುವುದು. ಮೈಸೂರು ಅರಸರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುತ್ತಿದ್ದ ಈ ಹಿಂಡುಗಳ ಕಛೇರಿಗೆ ‘ಬೆಣ್ಣೆ ಚಾವಡಿ’ಯೆಂಬ ಹೆಸರಿದ್ದಿತು, ಟಿಪ್ಪುಸುಲ್ತಾನನ ಕಾಲದಲ್ಲಿ ಅದು ‘ಅಮೃತಮಹಲ್’ ಎಂದಾಯಿತು. ಆ ದಿನಗಳಲ್ಲಿ ಹಾಲನ್ನು ಹಾಲಾಗಿಯೇ ದೂರಕ್ಕೆ ಸಾಗಿಸಲು ಉಪಾಯವಿರಲಿಲ್ಲ. ಮನೆಯಲ್ಲಿ ಮಿಕ್ಕುದನ್ನು ಹೆಪ್ಪುಹಾಕಿ, ಕಡೆದು, ಬೆಣ್ಣೆ ತೆಗೆದು, ತುಪ್ಪ ಕಾಯಿಸಿದರೇನೇ ಅದು ಸಂತೆಯ ಮುಖವನ್ನು ಕಾಣುತ್ತಿದ್ದಿತು.

ಈಗ ಆ ಸ್ಥಿತಿಯು ಬದಲಾಗಿದೆ. ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಿಗಾಗಿ ಏರ್ಪಟ್ಟ ಹಾಸನದ ಹಾಲು ಒಕ್ಕೂಟದ ಮೂಲಕ ಈ ಸೀಮೆಯ ಹಳ್ಳಿಗಳ ಹಾಲು ಪಟ್ಟಣಗಳಿಗೆ ಹೋಗತೊಡಗಿತು. ಅನೇಕ ಗ್ರಾಮಗಳಲ್ಲಿ ಹಾಲನ್ನು ಸ್ಥಳದಲ್ಲಿಯೇ ತಂಪುಮಾಡುವ ದೊಡ್ಡ ಉಕ್ಕಿನ ತೊಟ್ಟಿಗಳನ್ನು ಇಟ್ಟಿರುವರು. ಜನರು ಇವುಗಳನ್ನು ‘ಬಿ.ಎಂ.ಸಿ.’ ಎಂದು ಕರೆಯುವರು. ಒಂದು ಎಮ್ಮೆ ಅಥವಾ ಎರಡು ಹಸುಗಳನ್ನು ಕಟ್ಟಿಕೊಂಡಿರುವ ಬಡ ಸಂಸಾರದ ಬಟವಾಡೆಯು ಈ ತೊಟ್ಟಿಯ ಯಂತ್ರವನ್ನು ನೆಚ್ಚಿರುವುದು. ಯಂತ್ರವು ಒಂದು ರಾತ್ರಿ ಕೆಟ್ಟುನಿಂತರೆ ನಷ್ಟವು ಒಬ್ಬನದಲ್ಲ, ಊರಿನದು. ಹೀಗೆ ಕೆಡುವುದಕ್ಕೆ ಎಷ್ಟೋ ವೇಳೆ ಕಾರಣವಾಗುವುದು ಯಂತ್ರದ ಕೊಳವೆಯೊಳಗೆ ಸೇರಿಕೊಂಡ ಕೆಲವು ಹನಿ ನೀರು, ಅಥವಾ ಒಂದು ಚಿಟಿಕೆ ಕಸ. ಇವೆರಡನ್ನೂ ತಡೆಯತಕ್ಕ ಚಿಕ್ಕ ಉಪಕರಣವೊಂದುಂಟು. ಅದರ ವಿಚಾರವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಸಂಘದ ಆಡಳಿತಗಾರರೂ ಅವಶ್ಯವಾಗಿ ತಿಳಿದಿರಬೇಕು.

ಹಾಲನ್ನು ಬೇಗ ತಂಪುಮಾಡಬೇಕಾದ ಕಾರಣ

ಆಗತಾನೆ ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುವುದು. ಈ ಬಿಸುಪು ಸೂಕ್ಷ್ಮಜೀವಿಗಳಿಗೆ ಬಲು ಹಿತವಾದುದು. ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವುವೆಂದು ಇಟ್ಟುಕೊಂಡರೆ, ಒಂದು ಇದ್ದುದು ಐದು ಗಂಟೆಗಳಲ್ಲಿ 1024 ಆಗುವುದು. ಹಾಲನ್ನು 4 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಿದರೆ ಈ ವೃದ್ಧಿಯು ಬಹುಮಟ್ಟಿಗೆ ನಿಂತುಹೋಗುವುದು. ತಂಪು ಎಂಬುದು ಹಾಲಿನ ಕೊಳೆಯನ್ನು ತೊಳೆಯಲಾರದು. ಇದ್ದುದನ್ನು ಬೆಳೆಯದಂತೆ ಮಾತ್ರ ಹಿಡಿದಿರುವುದು. ಆದುದರಿಂದ ತಡವಾಗಿ ಬಂದ ತಂಪಿನಿಂದ ಪ್ರಯೋಜನವು ಸ್ವಲ್ಪವೇ.

ಯಂತ್ರವು ಮಾಡುವ ಕೆಲಸದ ಭಾರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1000 ಲೀಟರು ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 30,000 ಕಿಲೊಕ್ಯಾಲರಿಗಳಷ್ಟು ಉಷ್ಣವನ್ನು ಹೊರಕ್ಕೆ ಸಾಗಿಸಬೇಕು. ಇಷ್ಟು ಕೆಲಸವನ್ನು ಮಂಜುಗಡ್ಡೆಯಿಂದ ಮಾಡಬೇಕಾದರೆ ಸುಮಾರು 370 ಕಿಲೋಗ್ರಾಂ ಗಡ್ಡೆಯು ಕರಗಬೇಕು. ಈ ಹೊರೆಯನ್ನು ಹೊತ್ತುಹಾಕತಕ್ಕುದು ಕೊಳವೆಯಲ್ಲಿ ಸುತ್ತುವ ಕೆಲವೇ ಕಿಲೋಗ್ರಾಂ ಶೀತಕದ್ರವ್ಯ. ಮೆಕ್ಯಾನಿಕ್ಕುಗಳು ಇದನ್ನೇ ‘ಗ್ಯಾಸು’ ಎನ್ನುವರು.

ತಂಪು ಹುಟ್ಟುವ ಬಗೆ

ಹೊಸ ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವುದನ್ನು ಎಲ್ಲರೂ ಬಲ್ಲರು. ಹೊರಮೈಗೆ ಒಸರಿದ ನೀರು ಆವಿಯಾಗುವಾಗ, ತನಗೆ ಬೇಕಾದ ಉಷ್ಣವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುವುದು. ಯಂತ್ರದಲ್ಲಿ ನಡೆಯುವುದೂ ಇದೇ. ಆದರೆ ಇಲ್ಲಿ ನೀರಿಗೆ ಬದಲಾಗಿ ಬಹು ಕಡಿಮೆ ಶಾಖದಲ್ಲಿಯೇ ಕುದಿಯುವ ದ್ರವ್ಯವನ್ನು ಉಪಯೋಗಿಸುವರು. ಆರ್-22 ಎಂಬ ಶೀತಕವು ಬಯಲಿನಲ್ಲಿ ಸೊನ್ನೆಗಿಂತ ಸುಮಾರು 41 ಡಿಗ್ರಿ ಕೆಳಗೂ, ಆರ್-134ಎ ಎಂಬುದು ಸುಮಾರು 26 ಡಿಗ್ರಿ ಕೆಳಗೂ ಕುದಿಯುವುವು. ಹೂಜಿಯ ನೀರು ಆವಿಯಾಗಿ ಹೊರಟುಹೋಗುವುದು. ಯಂತ್ರದ ಶೀತಕವಾದರೋ ಹೊರಕ್ಕೆ ಹೋಗದೆ ಮತ್ತೆ ಮತ್ತೆ ತಿರುಗಿಬರುವುದು.

ಮೊದಲು ಕಂಪ್ರೆಸರು ಶೀತಕದ ಆವಿಯನ್ನು ಅದುಮಿ ಬಿಸಿಮಾಡುವುದು. ಆ ಬಿಸಿ ಆವಿಯು ಹೊರಗಿನ ಕಂಡೆನ್ಸರಿನಲ್ಲಿ ಗಾಳಿಗೆ ಶಾಖವನ್ನು ಬಿಟ್ಟು ದ್ರವವಾಗುವುದು. ದ್ರವವು ಬಹು ಕಿರಿದಾದ ರಂಧ್ರವುಳ್ಳ ಎಕ್ಸ್‌ಪ್ಯಾನ್ಷನ್ ವಾಲ್ವಿನ ಮೂಲಕ ಹಾಲಿನ ತೊಟ್ಟಿಯ ತಳದಲ್ಲಿರುವ ಕೊಳವೆಗಳಿಗೆ ಹರಿದು, ಒತ್ತಡವು ತಗ್ಗಿದೊಡನೆ ಕುದಿದು, ಹಾಲಿನ ಉಷ್ಣವನ್ನು ಹೀರುವುದು. ಮತ್ತೆ ಆವಿಯಾಗಿ ಕಂಪ್ರೆಸರಿಗೆ ಹಿಂದಿರುಗುವುದು.

ಈ ವಾಲ್ವನ್ನು ಕೆರೆಯ ತೂಬಿಗೆ ಹೋಲಿಸಬಹುದು. ಕೆರೆಯು ತುಂಬಿದ್ದರೂ ತೂಬಿಗೆ ಹೂಳು ಕಟ್ಟಿದರೆ ಗದ್ದೆಯು ಒಣಗುವುದು. ಹಾಗೆಯೇ ಯಂತ್ರದಲ್ಲಿ ಶೀತಕವು ಪೂರ್ಣವಾಗಿದ್ದರೂ ವಾಲ್ವಿನ ಕಂಡಿಯು ಮುಚ್ಚಿದರೆ ಹಾಲು ಬೆಚ್ಚಗೆ ಉಳಿಯುವುದು.

ತೇವದಿಂದಲೂ ಕಸದಿಂದಲೂ ಆಗುವ ಕೇಡು

ಶೀತಕದೊಡನೆ ಸೇರಿದ ನೀರು ಎರಡು ವಿಧವಾಗಿ ಕೆಡಕುಮಾಡುವುದು.

ಮೊದಲನೆಯದು ಕಣ್ಣಿಗೆ ಬೇಗ ಕಾಣತಕ್ಕುದು. ವಾಲ್ವನ್ನು ದಾಟಿದ ಶೀತಕವು ಸೊನ್ನೆ ಡಿಗ್ರಿಗಿಂತ ಕೆಳಕ್ಕೆ ಇಳಿಯುವಲ್ಲಿ ಅದರಲ್ಲಿನ ನೀರು ಹೆಪ್ಪುಗಟ್ಟಿ ರಂಧ್ರವನ್ನು ಮುಚ್ಚುವುದು. ತಂಪು ನಿಲ್ಲುವುದು. ಸ್ವಲ್ಪ ಹೊತ್ತಿನ ಮೇಲೆ ವಾಲ್ವು ಬೆಚ್ಚಗಾಗಿ ಆ ಹರಳು ಕರಗಿದಾಗ ಮತ್ತೆ ತಂಪು ಮೊದಲಾಗುವುದು. ಹೀಗೆ ಒಮ್ಮೆ ನಡೆದು ಒಮ್ಮೆ ನಿಲ್ಲುವ ಯಂತ್ರದೊಳಗೆ ತೇವವಿರುವುದೆಂದು ಊಹಿಸಬಹುದು. ನೀರು ಕಾಯಿಸಿ ಅದ್ದಿ ಹಿಂಡಿದ ಬಟ್ಟೆಯನ್ನು ವಾಲ್ವಿಗೆ ಸುತ್ತಿದಾಗ ತಂಪು ತಿರುಗಿ ಬಂದರೆ ಊಹೆಯು ದೃಢಪಡುವುದು. ಕಸದಿಂದ ಮುಚ್ಚಿದ ರಂಧ್ರವು ಬಿಸಿಬಟ್ಟೆಗೆ ತೆರೆಯಲಾರದು. ಈ ಪರೀಕ್ಷೆಗೆ ಬೆಂಕಿಯನ್ನಾಗಲಿ ಗ್ಯಾಸಿನ ಜ್ವಾಲೆಯನ್ನಾಗಲಿ ಎಂದಿಗೂ ಉಪಯೋಗಿಸಕೂಡದು. ಈಚಿನ ಮನೆಬಳಕೆಯ ಫ್ರಿಜ್ಜುಗಳಲ್ಲಿರುವ ಆರ್-600ಎ, ಮತ್ತು ಆರ್-290 ಎಂಬ ಶೀತಕಗಳು ಅಡಿಗೆಯ ಗ್ಯಾಸಿನಂತೆಯೇ ಹೊತ್ತಿಕೊಳ್ಳುವುವು.

ಎರಡನೆಯ ಕೇಡು ಗುಟ್ಟಾಗಿ ನಡೆಯುವುದು. ಇದೇ ಹೆಚ್ಚು ಘಾತುಕವಾದುದು. ಹಾಲಿನ ತೊಟ್ಟಿಯಲ್ಲಿ ಶೀತಕದ ಶೈತ್ಯವು ಸೊನ್ನೆಯ ಆಸುಪಾಸಿನಲ್ಲಿಯೇ ಇರುವುದರಿಂದ ಮಂಜು ಕಟ್ಟುವ ಲಕ್ಷಣವು ಎಷ್ಟೋ ವೇಳೆ ಕಾಣುವುದೇ ಇಲ್ಲ. ಆದರೆ ಕಂಪ್ರೆಸರಿನ ಬಿಸಿಯಲ್ಲಿ ನೀರೂ ಶೀತಕವೂ ಎಣ್ಣೆಯೂ ಒಂದರೊಡನೊಂದು ಬೆರೆತು ಆಮ್ಲಗಳು ಹುಟ್ಟುವುವು. ಈ ಆಮ್ಲಗಳು ತಾಮ್ರದ ಕೊಳವೆಯನ್ನು ಸವೆಸಿ, ಆ ತಾಮ್ರವನ್ನು ಕಂಪ್ರೆಸರಿನ ಉಕ್ಕಿನ ಭಾಗಗಳ ಮೇಲೆ ಲೇಪಿಸುವುವು, ಎಣ್ಣೆಯನ್ನು ಕೆಸರುಮಾಡುವುವು, ಮೋಟಾರಿನ ತಂತಿಯ ಮೇಲಿನ ಹೊದಿಕೆಯನ್ನು ತಿನ್ನುವುವು. ಕಡೆಗೆ ಒಂದು ದಿನ ಮೋಟಾರು ಸುಟ್ಟುಹೋಗುವುದು. ಆಗ ಜನರು ವಿದ್ಯುತ್ತಿನ ವೋಲ್ಟೇಜನ್ನು ದೂರುವರು. ವೋಲ್ಟೇಜಿನ ಏರಿಳಿತದಿಂದ ಮೋಟಾರು ಸುಡುವುದೂ ಉಂಟು; ಆದರೆ ತಿಂಗಳುಗಟ್ಟಲೆ ಒಳಗೇ ಆಮ್ಲವು ತಿಂದುದಾದರೆ ಅಪರಾಧವು ತೇವದ್ದೇ.

ಇನ್ನು ಕಸ. ಕೊಳವೆಗಳನ್ನು ಬೆಸೆಯುವಾಗ ಒಳಮೈಯಲ್ಲಿ ಕಟ್ಟುವ ತಾಮ್ರದ ಕಪ್ಪು ಹೊಪ್ಪಳೆ, ಕೊಯ್ದ ಕೊಳವೆಯ ಚೂರು, ಸವೆದ ಲೋಹದ ಪುಡಿ, ಕೆಟ್ಟ ಎಣ್ಣೆಯ ಜಿಡ್ಡು ಇವೆಲ್ಲವೂ ಹರಿದುಹೋಗಿ ವಾಲ್ವಿನಲ್ಲಿ ನಿಲ್ಲುವುವು, ಇಲ್ಲವೆ ಕಂಪ್ರೆಸರನ್ನು ಗೀರುವುವು.

ತೇವವು ಒಳಹೊಗುವ ದಾರಿಗಳು

ಮುಚ್ಚಿದ ಕೊಳವೆಯೊಳಕ್ಕೆ ನೀರು ಹೇಗೆ ಬರುವುದೆಂದು ಕೆಲವರು ಕೇಳುವರು. ರಿಪೇರಿಗಾಗಿ ಕೊಳವೆಯನ್ನು ಬಿಚ್ಚಿದಾಗ ಹೊರಗಿನ ಗಾಳಿಯು ಒಳಹೊಗುವುದು. ಗಾಳಿಯೊಡನೆ ತೇವವೂ ಹೊಗುವುದು. ತರೀಕೆರೆಯ ಸೀಮೆಯಲ್ಲಿ ಲಕ್ಕವಳ್ಳಿ, ಲಿಂಗದಹಳ್ಳಿಗಳ ಮಲೆನಾಡಿನ ಅಂಚಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಉಪ್ಪಿನ ಮರಿಗೆಯು ನೀರೊಡೆಯುವುದನ್ನೂ, ಒಣಗಿಸಿದ ಅಡಕೆಗೆ ಬೂಷ್ಟು ಹತ್ತುವುದನ್ನೂ ಎಲ್ಲರೂ ಕಂಡಿರುವರು. ಆ ಗಾಳಿಯೇ ತೆರೆದ ಕೊಳವೆಯನ್ನೂ ಹೊಗುವುದು. ಆದುದರಿಂದ ಮಳೆಗಾಲದಲ್ಲಿ ಯಂತ್ರವನ್ನು ಬಿಚ್ಚುವಾಗ ಎಚ್ಚರಿಕೆಯು ಇಮ್ಮಡಿಯಾಗಿರಬೇಕು.

ಎಣ್ಣೆಯೂ ತೇವವನ್ನು ತರುವುದು. ಆರ್-134ಎ, ಆರ್-404ಎ ಮೊದಲಾದ ಶೀತಕಗಳೊಡನೆ ಉಪಯೋಗಿಸುವ ಎಸ್ಟರ್ ಜಾತಿಯ ಎಣ್ಣೆಯು ಗಾಳಿಯಲ್ಲಿನ ನೀರನ್ನು ಬೆಲ್ಲದಂತೆ ಎಳೆದುಕೊಳ್ಳುವುದು. ಮುಚ್ಚಳ ತೆಗೆದಿಟ್ಟ ಡಬ್ಬಿಯ ಎಣ್ಣೆಯನ್ನು ಮತ್ತೆ ಉಪಯೋಗಿಸಕೂಡದು. ಗೊತ್ತುಗುರಿಯಿಲ್ಲದ ಹಳೆಯ ಸಿಲಿಂಡರುಗಳಲ್ಲಿ ತುಂಬಿ ಅಗ್ಗಕ್ಕೆ ಮಾರುವ ಗ್ಯಾಸಿನಲ್ಲಿಯೂ ತೇವವಿರುವ ಭಯವುಂಟು.

ಫಿಲ್ಟರ್ ಡ್ರೈಯರಿನ ರಚನೆ

ಈ ಎರಡು ಶತ್ರುಗಳನ್ನೂ ಒಂದೇ ಠಾಣ್ಯದಲ್ಲಿ ಹಿಡಿಯುವ ಉಪಕರಣಕ್ಕೆ ಫಿಲ್ಟರ್ ಡ್ರೈಯರೆಂದು ಹೆಸರು. ಕಾರ್ಖಾನೆಯ ಮಾತಿನಲ್ಲಿ ಬರಿಯ ‘ಡ್ರೈಯರು’. ದೊಡ್ಡ ಯಂತ್ರಗಳಲ್ಲಿ ಇದು ಎರಡು ಕೊನೆಗಳಲ್ಲಿಯೂ ಕೊಳವೆಯುಳ್ಳ ಉಕ್ಕಿನ ಡಬ್ಬಿಯ ಆಕಾರವಾಗಿರುವುದು. ಮನೆಯ ಫ್ರಿಜ್ಜಿನಲ್ಲಿ ಬೆರಳುದ್ದದ ತಾಮ್ರದ ಕೊಳವೆಯಾಗಿರುವುದು.

ಡಬ್ಬಿಯೊಳಗೆ ಕಸವನ್ನು ಹಿಡಿಯುವ ಜಾಳಿಗೆಯೂ, ತೇವವನ್ನು ಹೀರುವ ಹರಳುಗಳೂ ಇರುವುವು. ಹರಳುಗಳಲ್ಲಿ ಮುಖ್ಯವಾದುದು ‘ಮಾಲಿಕ್ಯುಲರ್ ಸೀವ್’ ಎಂಬುದು. ಎಂದರೆ ಅಣುಗಳ ಜರಡಿ. ಇದು ಜಿಯೊಲೈಟ್ ಎಂಬ ಖನಿಜದ ಜಾತಿಗೆ ಸೇರಿದುದು. 1756ರಲ್ಲಿ ಸ್ವೀಡನ್ ದೇಶದ ಕ್ರೋನ್‌ಸ್ಟೆಟ್ ಎಂಬ ಖನಿಜಶಾಸ್ತ್ರಜ್ಞನು ಇಂಥ ಕಲ್ಲೊಂದನ್ನು ಕಾಯಿಸಿದಾಗ ಅದರಿಂದ ಹಬೆಯೆದ್ದುದನ್ನು ಕಂಡು, ‘ಕುದಿಯುವ ಕಲ್ಲು’ ಎಂಬ ಅರ್ಥದಲ್ಲಿ ಅದಕ್ಕೆ ಈ ಹೆಸರನ್ನಿಟ್ಟನು. ಈಗ ಇವುಗಳನ್ನು ಕಾರ್ಖಾನೆಗಳಲ್ಲಿಯೇ ತಯಾರಿಸುವರು.

ಡ್ರೈಯರಿನಲ್ಲಿ ಹಾಕುವ ಹರಳಿನ ಸೂಕ್ಷ್ಮರಂಧ್ರಗಳ ಅಗಲವು ಸುಮಾರು 3 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ನೀರಿನ ಅಣುವು ಇದಕ್ಕಿಂತ ತುಸು ಚಿಕ್ಕದಾದುದರಿಂದ ರಂಧ್ರದೊಳಕ್ಕೆ ಹೋಗಿ ಅಲ್ಲಿಯೇ ಅಂಟಿಕೊಳ್ಳುವುದು. ಶೀತಕದ ಅಣುವು ದೊಡ್ಡದಾದುದರಿಂದ ಹೊರಗೇ ಉಳಿದು ಮುಂದಕ್ಕೆ ಹರಿಯುವುದು. ರಾಗಿಯ ಜರಡಿಯಲ್ಲಿ ಮರಳು ಕೆಳಕ್ಕೆ ಬಿದ್ದು ಕಾಳು ಮೇಲೆ ನಿಲ್ಲುವಂತೆಯೇ ಇದು. ಕೆಲವು ಡ್ರೈಯರುಗಳಲ್ಲಿ ಆಮ್ಲವನ್ನು ಹೀರುವುದಕ್ಕಾಗಿ ಆಕ್ಟಿವೇಟೆಡ್ ಅಲ್ಯೂಮಿನವನ್ನೂ ಸೇರಿಸಿರುವರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹರಳು ತಣ್ಣಗಿದ್ದಷ್ಟೂ ಹೆಚ್ಚು ನೀರನ್ನು ಹಿಡಿದಿರುವುದು. ಬಿಸಿಯಾದರೆ ಹಿಡಿತವು ಸಡಿಲುವುದು. ಕಡೂರಿನ ಮೂಡಣ ಭಾಗದ ಬಯಲುಗಳಲ್ಲಿ, ಯಗಟಿ, ಪಂಚನಹಳ್ಳಿಗಳ ಕಡೆ, ಬೇಸಗೆಯ ಧೂಳು ಕಂಡೆನ್ಸರಿನ ರೆಕ್ಕೆಗಳಲ್ಲಿ ತುಂಬಿಕೊಳ್ಳುವುದು. ಆಗ ಶಾಖವು ಹೊರಹೋಗದೆ ಶೀತಕವೂ ಅದರೊಡನೆ ಡ್ರೈಯರೂ ಬಿಸಿಯಾಗುವುವು. ಕಂಡೆನ್ಸರಿನ ಧೂಳನ್ನು ಮೆತ್ತನೆಯ ಕುಂಚದಿಂದ ಆಗಾಗ್ಗೆ ತೆಗೆಯುವುದರಿಂದ ವಿದ್ಯುತ್ತಿನ ಖರ್ಚು ತಗ್ಗುವುದಲ್ಲದೆ ಡ್ರೈಯರಿನ ಬಲವೂ ಉಳಿಯುವುದು. ಈ ಕೆಲಸಕ್ಕೆ ಮೆಕ್ಯಾನಿಕ್ಕಿಗಾಗಿ ಕಾಯಬೇಕಾದುದಿಲ್ಲ.

ಜೋಡಿಸುವ ಸ್ಥಳವೂ ಬದಲಾಯಿಸುವ ಕಾಲವೂ

ಡ್ರೈಯರು ಇರಬೇಕಾದ ಸ್ಥಳವು ಕಂಡೆನ್ಸರಿನ ಮುಂದೆ, ವಾಲ್ವಿನ ಹಿಂದೆ, ದ್ರವವು ಹರಿಯುವ ಕೊಳವೆಯಲ್ಲಿ. ಡಬ್ಬಿಯ ಮೇಲೆ ಬಾಣದ ಗುರುತಿರುವುದು. ಅದು ದ್ರವವು ಹರಿಯುವ ದಿಕ್ಕಿಗೇ ಇರಬೇಕು. ತಿರುಗುಮುರುಗಾಗಿ ಕೂರಿಸಿದರೆ ಹಿಡಿದಿದ್ದ ಕಸವು ಬಿಟ್ಟುಹೋಗುವುದು. ಅದರ ಮುಂದೆ ಒಂದು ಗಾಜಿನ ಕಿಂಡಿಯನ್ನು ಇಟ್ಟಿದ್ದರೆ ಬಹಳ ಅನುಕೂಲ. ಇದನ್ನು ಸೈಟ್ ಗ್ಲಾಸ್ ಎನ್ನುವರು. ಕಿಂಡಿಯ ನಡುವಣ ಬೊಟ್ಟು ಸಾಮಾನ್ಯವಾಗಿ ಹಸುರಾಗಿದ್ದರೆ ಶೀತಕವು ಒಣಗಿರುವುದೆಂದೂ, ಹಳದಿಯಾದರೆ ತೇವವುಂಟೆಂದೂ ಅರ್ಥ. ಓದುಬರಹ ಬಾರದವನೂ ಈ ಬಣ್ಣವನ್ನು ನೋಡಿ ಹೇಳಬಲ್ಲನು.

ಡ್ರೈಯರನ್ನು ಬದಲಾಯಿಸಬೇಕಾದ ಸಂದರ್ಭಗಳು ಇವು:

1. ಯಾವ ಕಾರಣದಿಂದಲಾಗಲಿ ಕೊಳವೆಯನ್ನು ಬಿಚ್ಚಿದಾಗ. ಹಳೆಯದನ್ನು ಕಾಯಿಸಿ ಒಣಗಿಸಿ ಮತ್ತೆ ಹಾಕುವುದು ಸರಿಯಲ್ಲ.

2. ಗಾಜಿನ ಕಿಂಡಿಯ ಬೊಟ್ಟು ಹಳದಿಯಾಗಿ ಹಾಗೆಯೇ ನಿಂತಾಗ.

3. ಡ್ರೈಯರಿನ ಎರಡು ಕೊನೆಗಳನ್ನು ಕೈಯಿಂದ ಮುಟ್ಟಿದಾಗ ಹೊರಡುವ ಕೊನೆಯು ಬರುವ ಕೊನೆಗಿಂತ ತಣ್ಣಗಿದ್ದರೆ, ಅಥವಾ ಅದರ ಮೇಲೆ ಬೆವರೊಡೆದರೆ. ಒಳಗೆ ಕಸವು ಕಟ್ಟಿ ಹರಿವಿಗೆ ತಡೆಯಾಗಿರುವುದಕ್ಕೆ ಇದು ಗುರುತು. ಸರಿಯಾದ ಡ್ರೈಯರಿನ ಎರಡು ಕೊನೆಗಳೂ ಒಂದೇ ಬಿಸುಪಾಗಿರುವುವು.

4. ಕಂಪ್ರೆಸರಿನ ಮೋಟಾರು ಸುಟ್ಟಾಗ. ಆಗ ಆಮ್ಲವು ಎಲ್ಲ ಕೊಳವೆಗಳಲ್ಲಿಯೂ ಹರಡಿರುವುದು. ದ್ರವದ ಕೊಳವೆಗೆ ಹೊಸ ಡ್ರೈಯರನ್ನು ಹಾಕುವುದಲ್ಲದೆ, ಕಂಪ್ರೆಸರಿಗೆ ಆವಿಯು ಹಿಂದಿರುಗುವ ಕೊಳವೆಯಲ್ಲಿಯೂ ಆಮ್ಲವನ್ನು ಹೀರುವ ಡ್ರೈಯರನ್ನು ಕೆಲವು ಕಾಲ ಇಟ್ಟು, ಶುದ್ಧವಾದ ಮೇಲೆ ತೆಗೆದುಬಿಡಬೇಕು. ಇದನ್ನು ಮಾಡದೆ ಹೊಸ ಕಂಪ್ರೆಸರನ್ನು ಕೂರಿಸಿದರೆ ಹಳೆಯದನ್ನು ತಿಂದ ವಿಷವೇ ಹೊಸದನ್ನೂ ತಿನ್ನುವುದು.

ಡ್ರೈಯರಿನ ಬೆಲೆಯು ಕಂಪ್ರೆಸರಿನ ಬೆಲೆಯ ಮುಂದೆ ಅಲ್ಪವಾದುದು. ಆಡಳಿತ ಮಂಡಲಿಯವರು ಈ ಅಲ್ಪದಲ್ಲಿ ಉಳಿತಾಯಮಾಡಲು ಹೋಗಿ ಅಧಿಕವನ್ನು ಕಳೆದುಕೊಳ್ಳಬಾರದು.

ರಿಪೇರಿಯ ಕಾಲದಲ್ಲಿ ನೋಡಿಕೊಳ್ಳತಕ್ಕ ಅಂಶಗಳು

ಡ್ರೈಯರು ಸರ್ವರೋಗನಿವಾರಕವಲ್ಲ. ಅದು ಹಿಡಿಯಬಲ್ಲ ನೀರಿಗೆ ಮಿತಿಯುಂಟು. ಆದುದರಿಂದ ಕೊಳವೆಯೊಳಗಿನ ಗಾಳಿ ತೇವಗಳನ್ನು ಮೊದಲೇ ವ್ಯಾಕ್ಯೂಮ್ ಪಂಪಿನಿಂದ ಎಳೆದುಹಾಕಬೇಕು. ಇದರ ತತ್ವವು ಸುಲಭವಾದುದು. ಸಮುದ್ರದ ಮಟ್ಟದಲ್ಲಿ 760 ಮಿಲಿಮೀಟರು ಪಾದರಸದ ಒತ್ತಡದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುವುದು. ಒತ್ತಡವನ್ನು ಸುಮಾರು 24 ಮಿಲಿಮೀಟರಿಗೆ ಇಳಿಸಿದರೆ 25 ಡಿಗ್ರಿಯಲ್ಲಿಯೇ ಕುದಿಯುವುದು. ಪಂಪು ಒತ್ತಡವನ್ನು ಅರ್ಧ ಮಿಲಿಮೀಟರಿನವರೆಗೆ, ಎಂದರೆ 500 ಮೈಕ್ರಾನಿನವರೆಗೆ ಇಳಿಸಿದಾಗ, ಕೊಳವೆಯ ಮೂಲೆಯಲ್ಲಿನ ನೀರೂ ಬೆಂಕಿಯಿಲ್ಲದೆ ಕುದಿದು ಆವಿಯಾಗಿ ಹೊರಬೀಳುವುದು. ಪಂಪನ್ನು ನಿಲ್ಲಿಸಿದ ಮೇಲೆ ಅಳತೆಯ ಮುಳ್ಳು ಸ್ವಲ್ಪ ಏರಿ ನಿಂತರೆ ಇನ್ನೂ ತೇವವಿರುವುದೆಂದೂ, ನಿಲ್ಲದೆ ಏರುತ್ತಲೇ ಹೋದರೆ ಎಲ್ಲಿಯೋ ಸೋರಿಕೆಯಿರುವುದೆಂದೂ ತಿಳಿಯಬೇಕು. ಹತ್ತು ನಿಮಿಷ ಪಂಪು ಆಡಿಸಿ ಗ್ಯಾಸು ತುಂಬಿ ಹೊರಡುವವನ ಕೆಲಸವು ಅರ್ಧದ್ದು.

ಸೋರಿಕೆಯ ಪರೀಕ್ಷೆಗೆ ಒಣ ನೈಟ್ರೋಜನ್ ಅನಿಲವನ್ನು ತುಂಬಿ, ಕೀಲುಗಳಿಗೆ ಸಾಬೂನಿನ ನೊರೆಯನ್ನು ಹಚ್ಚಿ ನೋಡತಕ್ಕುದು. ಇದಕ್ಕೆ ಆಮ್ಲಜನಕದ ಸಿಲಿಂಡರನ್ನು ಎಂದಿಗೂ ಉಪಯೋಗಿಸಬಾರದು. ಒಳಗಿನ ಎಣ್ಣೆಯೊಡನೆ ಸೇರಿ ಸಿಡಿದು ಪ್ರಾಣಕ್ಕೆ ಅಪಾಯವಾದೀತು. ಬೆಸುಗೆಯ ಕಾಲದಲ್ಲಿಯೂ ಕೊಳವೆಯೊಳಗೆ ನೈಟ್ರೋಜನನ್ನು ಮೆಲ್ಲಗೆ ಹರಿಯಿಸುತ್ತಿದ್ದರೆ ಕಪ್ಪು ಹೊಪ್ಪಳೆಯು ಕಟ್ಟುವುದಿಲ್ಲ.

ಹೊಸ ಡ್ರೈಯರಿನ ಮುಚ್ಚಳಗಳನ್ನು ಜೋಡಿಸುವ ಕ್ಷಣದಲ್ಲಿಯೇ ತೆಗೆಯಬೇಕು. ಮುಂಚೆಯೇ ತೆಗೆದು ಕಟ್ಟೆಯ ಮೇಲಿಟ್ಟರೆ ಅದು ಊರಿನ ಗಾಳಿಯನ್ನು ಒಣಗಿಸುವುದರಲ್ಲಿಯೇ ತನ್ನ ಬಲವನ್ನು ಕಳೆದುಕೊಳ್ಳುವುದು. ಡ್ರೈಯರು ಯಂತ್ರದಲ್ಲಿರುವ ಶೀತಕಕ್ಕೆ ಒಪ್ಪುವ ಜಾತಿಯದೇ ಆಗಿರಬೇಕು. ಮಂಜು ಕಟ್ಟದಿರಲೆಂದು ಕೆಲವರು ಕೊಳವೆಗೆ ಮೆಥನಾಲ್ ಹುಯ್ಯುವರು. ಇದು ರೋಗವನ್ನು ಮರೆಮಾಡುವುದೇ ಹೊರತು ಕಳೆಯುವುದಿಲ್ಲ. ಲೋಹವನ್ನೂ ಮೋಟಾರಿನ ಹೊದಿಕೆಯನ್ನೂ ಕೆಡಿಸುವುದು.

ಬಿಚ್ಚುವ ಮೊದಲು ಹಳೆಯ ಶೀತಕವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಕೊಳ್ಳಬೇಕು. ಆರ್-12, ಆರ್-22 ಮೊದಲಾದವು ಮೇಲಿನ ಓಜೋನ್ ಪದರವನ್ನು ಕೆಡಿಸುವುವು. 1987ರ ಮಾಂಟ್ರಿಯಲ್ ಒಪ್ಪಂದಕ್ಕನುಸಾರವಾಗಿ ಆರ್-12ರ ಬಳಕೆಯು ನಿಂತಿತು. ಆರ್-22 ಅನ್ನು ನಮ್ಮ ದೇಶವೂ 2030ರ ಹೊತ್ತಿಗೆ ಬಹುಮಟ್ಟಿಗೆ ಕೈಬಿಡಬೇಕಾಗಿದೆ. ಆದುದರಿಂದ ಹಳೆಯ ಯಂತ್ರಗಳಿಗೆ ತುಂಬುವ ಈ ಶೀತಕವನ್ನು ಪೋಲುಮಾಡುವುದು ಎಲ್ಲ ವಿಧದಲ್ಲಿಯೂ ನಷ್ಟವೇ.

ಇತರ ಯಂತ್ರಗಳು

ಪಶುವೈದ್ಯಶಾಲೆಗಳಲ್ಲಿ ಕಾಲುಬಾಯಿ ಜ್ವರದ ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡುವ ಫ್ರಿಜ್ಜುಗಳಿಗೂ ಮೇಲೆ ಹೇಳಿದುದೆಲ್ಲವೂ ಅನ್ವಯಿಸುವುದು. ಅವುಗಳಲ್ಲಿ ಕೂದಲೆಳೆಯಂಥ ಕಿರುಕೊಳವೆಯೇ ವಾಲ್ವಿನ ಕೆಲಸವನ್ನು ಮಾಡುವುದರಿಂದ ಒಂದು ಹನಿ ತೇವವೂ ಹೆಚ್ಚೇ. ಕೆಟ್ಟ ಹಾಲು ವಾಸನೆಯಿಂದ ತಿಳಿಯುವುದು. ಶಾಖ ತಗಲಿ ಸತ್ವವಳಿದ ಲಸಿಕೆಯು ಎಷ್ಟೋ ವೇಳೆ ನೋಟಕ್ಕೆ ಗೊತ್ತಾಗದು. ಹಟ್ಟಿಗೆ ರೋಗವು ಬಂದ ಮೇಲೆಯೇ ಅದು ತಿಳಿಯುವುದು. ದೊಡ್ಡ ಡೈರಿಗಳಲ್ಲಿಯೂ ಶೈತ್ಯಾಗಾರಗಳಲ್ಲಿಯೂ ಉಪಯೋಗಿಸುವ ಅಮೋನಿಯವಾದರೋ ನೀರಿನೊಡನೆ ಪೂರ್ಣವಾಗಿ ಬೆರೆಯುವುದರಿಂದ ಅಲ್ಲಿ ಮಂಜು ಕಟ್ಟುವ ತೊಂದರೆಯಿಲ್ಲ. ಈ ಬಗೆಯ ಡ್ರೈಯರನ್ನು ಹಾಕುವ ವಾಡಿಕೆಯೂ ಇಲ್ಲ. ಕೃತಕ ಗರ್ಭಧಾರಣೆಯ ವೀರ್ಯವನ್ನಿಡುವ ಪಾತ್ರೆಗಳಲ್ಲಿ ದ್ರವ ನೈಟ್ರೋಜನ್ ಮಾತ್ರವಿದ್ದು ಯಂತ್ರವೇ ಇರುವುದಿಲ್ಲ.

ಗ್ರಾಮದ ಮುಖಂಡರು ಮಾಡಬಹುದಾದುದು

ಯಂತ್ರವನ್ನು ಬಿಚ್ಚುವುದು ಕಲಿತವನ ಕೆಲಸ. ಅದಕ್ಕೆ ಊರಿನವರು ಕೈಹಾಕಬೇಕಾದುದಿಲ್ಲ. ಆದರೆ ಲಕ್ಷ್ಯವಿಟ್ಟು ನೋಡುವುದು ಎಲ್ಲರಿಂದಲೂ ಸಾಧ್ಯ. ತೊಟ್ಟಿಯ ಬಳಿ ಒಂದು ಪುಸ್ತಕವನ್ನು ಇಡತಕ್ಕುದು. ಹಾಲು ತುಂಬಿದ ಹೊತ್ತು, ಅದು 4 ಡಿಗ್ರಿಗೆ ಇಳಿದ ಹೊತ್ತು, ಗಾಜಿನ ಕಿಂಡಿಯ ಬಣ್ಣ, ಇಷ್ಟನ್ನು ಪ್ರತಿದಿನವೂ ಅದರಲ್ಲಿ ಬರೆಯಿಸಬೇಕು. ಅಷ್ಟೇ ಹಾಲು ತಂಪಾಗಲು ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಹಿಡಿಯುತ್ತ ಬಂದರೆ, ಯಂತ್ರವು ಪೂರಾ ನಿಲ್ಲುವ ಮೊದಲೇ ಎಚ್ಚರಿಕೆಯು ದೊರೆತಂತಾಗುವುದು. ರಿಪೇರಿಯ ದಿನ, ತುಂಬಿದ ಶೀತಕದ ಹೆಸರು, ತೂಕ, ಡ್ರೈಯರು ಹಾಕಿದ ತಾರೀಖು ಇವುಗಳನ್ನೂ ಅದೇ ಪುಸ್ತಕದಲ್ಲಿ ಬರೆದು ಮೆಕ್ಯಾನಿಕ್ಕಿನ ರುಜು ಪಡೆಯಬೇಕು. ವರ್ಷಕ್ಕೆ ಎರಡು ಸಲ ಗ್ಯಾಸು ತುಂಬಬೇಕಾಗಿ ಬಂದರೆ ಸೋರಿಕೆಯು ಸರಿಯಾಗಿಲ್ಲವೆಂದೇ ಅರ್ಥ. ತುಂಬಿದಷ್ಟು ಸಲವೂ ತೇವಕ್ಕೆ ಬಾಗಿಲು ತೆರೆದಂತೆಯೇ.

ಮುಂಗಾರು ಹಿಡಿಯುವ ಮೊದಲು, ವೈಶಾಖ ಜ್ಯೇಷ್ಠಗಳಲ್ಲಿಯೇ, ಒಮ್ಮೆ ಯಂತ್ರದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬಿತ್ತನೆಗೆ ಮುಂಚೆ ನೇಗಿಲಿನ ಕುಳವನ್ನು ಹಣಿಸಿಕೊಳ್ಳುವ ರೈತನಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಮೂರು ಹೊತ್ತು ಮೇವು ಹಾಕಿ, ನಸುಕಿನಲ್ಲೆದ್ದು ಕರೆದು, ತಲೆಯ ಮೇಲೆ ಹೊತ್ತು ತಂದ ಹಾಲು, ತೊಟ್ಟಿಯವರೆಗೆ ಕ್ಷೇಮವಾಗಿ ಬಂದು ಅಲ್ಲಿ ಒಡೆಯಬಾರದು. ಆ ಹಾಲಿನ ರಕ್ಷಣೆಯ ಬಹುಭಾಗವು ಗೇಣುದ್ದದ ಒಂದು ಡಬ್ಬಿಯಲ್ಲಿಯೂ, ಅದನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವ ಜಾಗರೂಕತೆಯಲ್ಲಿಯೂ ಇರುವುದು.